ಕಪ್ಪತಗುಡ್ಡ: ಬಂಡವಾಳನ್ನ ಲಾಭ ಅಂತ ಬರಕೊಳ್ಳೋದು

ಅಣ್ಣಿಗೇರಿ, ನವಲಗುಂದ ಕಡೆಯವರಿಗೆ ಕಣ್ಣು ಹಾಯಿಸಿದಷ್ಟೂ ಎರಿ ಹೊಲ. ನವಲಗುಂದದ ಊರಗುಡ್ಡ ಬಿಟ್ರ ಗುಡ್ಡ ಅನ್ನೋದು ನಮಗ ದೂರದ ಮಾತು. ಆದ್ರ ಅಣ್ಣಿಗೇರಿ ದಾಟಿ ಗದಗಿನ ಹಾದಿ ಹಿಡೀರಿ, ಬಿಂಕದಕಟ್ಟಿ ಹತ್ರ ನೆಲ ಏಳಾಕ ಶುರು ಆಗತೈತಿ. ಅಲ್ಲಿಂದ ತುಂಗಭದ್ರಾ ದಂಡಿಯ ಸಿಂಗಟಾಲೂರಿನವರೆಗೆ ಸುಮಾರು 60 ಕಿ.ಮೀ. ಉದ್ದದ ಸಾಲು, ಅದೇ ಕಪ್ಪತಗುಡ್ಡ. 1997ರಲ್ಲಿ ಗದಗ ಬೇರೆ ಜಿಲ್ಲೆ ಆಗೋತನಕ ಇದು ನಮ್ಮ ಧಾರವಾಡ ಜಿಲ್ಲೆಯದ್ದೇ.

ಕೆಳಗ ಕರಿ ಮಣ್ಣು, ಮ್ಯಾಲ ಕೆಂಪು. ಕಲ್ಲಿನಾಗ ಕಬ್ಬಿಣ, ಮ್ಯಾಂಗನೀಸ್, ಅಲ್ಲಲ್ಲಿ ಬಂಗಾರ. ಬ್ರಿಟಿಷರ ಕಾಲದಾಗೇ ಬಂಗಾರಕ್ಕಂತ ಅಗದಿದ್ರು. ಆದ್ರ ಗುಡ್ಡದ ಬುಡದ ಡೋಣಿ, ಡಂಬಳ, ಕಡೆ ಊರುಗಳಿಗೆ ಬೇಕಾಗಿದ್ದು ಬ್ಯಾರೆ. ಮಳಿ ಕಡಿಮಿ ಇರೋ ಸೀಮಿ ಅದು. ಬಿದ್ದ ನೀರನ್ನ ಹುಲ್ಲು, ಕುರುಚಲು ಗಿಡ ತಡದು ನಿಧಾನಕ ಇಳಸ್ತಾವ. ಡಂಬಳದ ವಿಕ್ಟೋರಿಯಾ ಕೆರಿ ತುಂಬೋದೇ ಈ ಗುಡ್ಡದ ಹಳ್ಳದಿಂದ. ಮ್ಯಾಲಿನ ಮಣ್ಣು ಕೆದರಿದ್ರ ಅದೇ ಮಳಿ ಕೆರಿಗೆ ಹೂಳು ತರತೈತಿ.

ನಾನು ಬಿ.ಕಾಂ. ಓದಿದಾಂವ, ಲೆಕ್ಕದ ಭಾಷಾದಾಗ ಹೇಳ್ತೀನಿ. ಅದಿರು ಮಾರಿ ಬಂದ ರೊಕ್ಕಾನ ಆದಾಯ ಅಂತ ಬರಕೋತೀವಿ. ಹೋದ ಗುಡ್ಡಾನ ಯಾವ ಕಾಲಮ್ಮಿನಾಗೂ ಬರಿಯೋದಿಲ್ಲ. ಅಂಗಡಿ ಮಾರಿದ ರೊಕ್ಕಾನ ವ್ಯಾಪಾರದ ಲಾಭ ಅಂದ್ರ ಯಾವ ಆಡಿಟರ್ ಸಹಿ ಹಾಕ್ತಾನ್ರಿ?

2015ರ ಡಿಸೆಂಬರಿನಲ್ಲಿ ಸರ್ಕಾರ ಇದನ್ನು ಸಂರಕ್ಷಿತ ಪ್ರದೇಶ ಅಂತ ಘೋಷಿಸಿತು. ಮರುವರ್ಷ, ಜನರನ್ನ ಕೇಳಿಲ್ಲ ಅನ್ನೋ ಕಾರಣಕ್ಕ ಹಿಂದಕ್ಕ ತಗೊಂಡಿತು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದಾಳತ್ವದಾಗ ಜನ ಧರಣಿ ಕುಂತ್ರು. 2017ರ ಏಪ್ರಿಲಿನಲ್ಲಿ ಘೋಷಣೆ ವಾಪಸ್ ಬಂತು. 2019ರಲ್ಲಿ 244 ಚದರ ಕಿ.ಮೀ. ವನ್ಯಜೀವಿಧಾಮ ಆತು. ಸ್ವಾಮೀಜಿ ಅದನ್ನ ನೋಡಲಿಲ್ಲ, 2018ರಲ್ಲೇ ಲಿಂಗೈಕ್ಯರಾಗಿದ್ರು.

ಹಂಗಂತ ಎಲ್ಲಾ ಮುಗದಿಲ್ಲ. ಕುರಿ, ದನ ಕಾಯೋರಿಗೆ ಗುಡ್ಡನ ಹೊಟ್ಟಿಪಾಡು. ಅವರನ್ನ ಹೊರಗಿಟ್ಟು ಗುಡ್ಡ ಕಾಯ್ತೀವಿ ಅನ್ನೋದು ನನಗಂತೂ ಸರಿ ಕಾಣಂಗಿಲ್ಲ. ಮತ್ತ ಬ್ಯಾಸಗಿ ಬಂತಂದ್ರ ಒಣಗಿದ ಬಾದೆ ಹುಲ್ಲಿಗೆ ಬೆಂಕಿ ಬೀಳತೈತಿ, ಹೊಸ ಚಿಗುರು ಬರಲಿ ಅಂತ ಹಚ್ಚೋದೂ ಉಂಟು. ಒಂದು ಕಡ್ಡಿ ಗೀರಿದ್ರ ರಾತ್ರಿಯೆಲ್ಲಾ ಸಾಲು ಉರಿತೈತಿ. ನೀವು ಹೋಗೋದಾದ್ರ ಶ್ರಾವಣದಾಗ ಹೋಗ್ರಿ, ಗುಡ್ಡ ಹಸಿರಿರತೈತಿ. ಬ್ಯಾಸಗ್ಯಾಗ ಹೋದ್ರ ಕಡ್ಡಿಪೆಟ್ಟಿಗಿ ಮನ್ಯಾಗ ಇಟ್ಟು ಹೋಗ್ರಿ.