ಹೆಳವರ ಹೊತ್ತಗೆ ಮತ್ತು ಡಿಎನ್‌ಎ ವರದಿ

ಒಕ್ಕಲುತನದ ಮನೆಯವರು ತಮ್ಮ ಹಿಂದಿನವರನ್ನು ಹುಡುಕಲು ಹೊರಟರೆ ಮೊದಲು ಕೈಗೆ ಸಿಗುವುದು ಜಮೀನಿನ ಕಾಗದ. ಪಹಣಿ, ಮ್ಯುಟೇಶನ್ ವಹಿ, ಪಾಲುಪತ್ರ, ಖರೀದಿ ಪತ್ರ: ಖಾತೆ ಬದಲಾದಲ್ಲೆಲ್ಲ ಒಂದು ತಲೆಮಾರು ದಾಖಲಾಗಿರುತ್ತದೆ. ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾನೂನು ಬಂದದ್ದು 1969ರಲ್ಲಿ. ಅದಕ್ಕೂ ಹಿಂದಿನ ಹಳ್ಳಿಯ ಹೆಸರುಗಳಿಗೆ ಬಹುಪಾಲು ಭೂದಾಖಲೆಯೇ ಗತಿ. ಅವನ್ನು ತೆಗೆಸುವ ಬಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅಲೆದವರಿಗೆಲ್ಲ ಗೊತ್ತು. ಆಸ್ತಿಯಿಲ್ಲದವರು ಈ ಕಾಗದಗಳಲ್ಲಿ ಇಲ್ಲ, ಹೆಣ್ಣುಮಕ್ಕಳೂ ಹೆಚ್ಚಾಗಿ ಇಲ್ಲ. ರಾಜ್ಯದ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಿಗೆ ಸಮನಾದ ಹಕ್ಕು ಸಿಕ್ಕಿದ್ದೇ 1994ರಲ್ಲಿ.

ಕಾಗದ ನಿಂತಲ್ಲಿಂದ ಹೆಳವರ ಕೆಲಸ ಶುರುವಾಗುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ, ಎತ್ತಿನ ಮೇಲೆ ಕಾಲು ಕಾಣದಂತೆ ಕಂಬಳಿ ಹೊದ್ದು ಗಂಟೆ ಬಾರಿಸುತ್ತ ಬರುವ ಹೆಳವ ಮನೆಯ ಮುಂದೆ ನಿಂತು ಮೂಲಪುರುಷನಿಂದ ಹಿಡಿದು ಹೆಸರು ಹೇಳುತ್ತಾನೆ. ಹಿಂದಿನ ಸಲ ಬಂದುಹೋದ ಮೇಲೆ ಹುಟ್ಟಿದ ಮಕ್ಕಳನ್ನು ಹೊತ್ತಗೆಗೆ ಏರಿಸಿ, ಕಾಳು ಬಟ್ಟೆ ಪಡೆದು ಮುಂದಿನ ಮನೆಗೆ ಹೋಗುತ್ತಾನೆ. ಕೊಟ್ಟವನನ್ನು ಹೊಗಳುವುದೇ ವೃತ್ತಿಯಾದವನ ಬರಹವನ್ನು ನಂಬುವುದು ಹೇಗೆ ಎಂಬ ಆಕ್ಷೇಪ ಹಳೆಯದು. ಮೂಲಪುರುಷನ ಶೌರ್ಯದ ಕಥೆಗೆ ಅದು ಸಲ್ಲುತ್ತದೆ, ಈಚಿನ ನಾಲ್ಕೈದು ತಲೆಮಾರಿಗೆ ಅಷ್ಟಾಗಿ ಸಲ್ಲುವುದಿಲ್ಲ. ಹೆಸರು ತಪ್ಪಿದರೆ ಕಟ್ಟೆಯ ಮೇಲೆ ಕೂತ ಅಜ್ಜಿ ಅಲ್ಲೇ ತಿದ್ದುತ್ತಾಳೆ. ಇಂಥ ತನಿಖೆ ಎಷ್ಟೋ ಸರ್ಕಾರಿ ದಾಖಲೆಗಳಿಗೆ ಆಗಿಲ್ಲ.

ಡಿಎನ್‌ಎ ಪರೀಕ್ಷೆಯ ಮೂಲಪಾಠ ಶಾಲೆಯ ಪುಸ್ತಕದಲ್ಲೇ ಇದೆ. ವೈ ಕ್ರೋಮೋಸೋಮು ತಂದೆಯಿಂದ ಮಗನಿಗೆ, ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಮಕ್ಕಳಿಗೆ ಇಳಿಯುತ್ತದೆ. ಉಳಿದದ್ದು ತಲೆಮಾರು ತಲೆಮಾರಿಗೆ ಕಲಸಿ ಅರ್ಧರ್ಧವಾಗುತ್ತದೆ. ಇಬ್ಬರ ನಡುವೆ ಈ ಕಲಸಿದ ಭಾಗ ಎಷ್ಟು ಸಮಾನವಾಗಿದೆ ಎಂದು ಅಳೆದು ಪರೀಕ್ಷಾ ಕಂಪನಿಗಳು ನಂಟನ್ನು ಊಹಿಸುತ್ತವೆ. ವಿವಾದವಿರುವುದು ಈ ಊಹೆಯಲ್ಲೇ.

ಕಂಪನಿಗಳ ಸಾಮಾನ್ಯ ಲೆಕ್ಕಾಚಾರ ಇಬ್ಬರು ನಂಟರನ್ನು ಕೂಡಿಸುವ ದಾರಿ ಒಂದೇ ಎಂದು ಹಿಡಿಯುತ್ತದೆ. ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತಂದುಕೊಳ್ಳುವ ನಾಡಿಗೆ ಈ ಲೆಕ್ಕ ಹೊಂದುವುದಿಲ್ಲ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ ಮದುವೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ರಕ್ತಸಂಬಂಧದೊಳಗಿನವೇ ಆಗಿದ್ದವು. ಒಬ್ಬನು ತನ್ನ ಸ್ವಂತ ಅಕ್ಕನ ಮಗಳನ್ನು ಮದುವೆಯಾಗಿ ಅವರಿಗೆ ಮಗ ಹುಟ್ಟಿದನೆನ್ನೋಣ. ಆ ಹುಡುಗನಿಗೆ ತಂದೆಯ ತಮ್ಮ ಚಿಕ್ಕಪ್ಪ. ಆ ದಾರಿಯಲ್ಲಿ ಸರಾಸರಿ ಶೇ 25 ಸಮಾನ. ಅದೇ ಚಿಕ್ಕಪ್ಪ ಹುಡುಗನ ಅಜ್ಜಿಯ ತಮ್ಮನೂ ಹೌದು. ಈ ದಾರಿಯಲ್ಲಿ ಶೇ 12.5. ಎರಡೂ ಕೂಡಿ ಶೇ 37.5. ಒಡಹುಟ್ಟಿದವರಿಗೆ ಶೇ 50, ಬರೀ ಚಿಕ್ಕಪ್ಪನಿಗೆ ಶೇ 25 ಎಂಬ ಪಟ್ಟಿಯಲ್ಲಿ ಈ ಅಂಕೆಗೆ ಮನೆಯೇ ಇಲ್ಲ. ದೂರದ ನಂಟರಲ್ಲಂತೂ ಹೀಗೆ ಕೂಡಿಕೊಂಡ ದಾರಿಗಳು ಮೂರನೇ ತಲೆಮಾರಿನವರನ್ನು ಎರಡನೇ ತಲೆಮಾರಿಗೆ ಎಳೆದು ತರುತ್ತವೆ.

ಸಂಖ್ಯೆಯನ್ನು ತಿದ್ದಿದರೂ ಮಾತು ಉಳಿಯುತ್ತದೆ. ವರದಿಗೆ ಎಲ್ಲರೂ ‘ಕಸಿನ್’. ಕನ್ನಡದ ಮನೆಯಲ್ಲಿ ಚಿಕ್ಕಪ್ಪನ ಮಗ ಅಣ್ಣನೋ ತಮ್ಮನೋ ಆಗುತ್ತಾನೆ, ಸೋದರಮಾವನ ಮಗ ಭಾವನೋ ಮೈದುನನೋ ಆಗುತ್ತಾನೆ. ಒಬ್ಬನೊಡನೆ ಪಾಲು ಹಂಚಿಕೆ, ಇನ್ನೊಬ್ಬನೊಡನೆ ಮದುವೆಯ ಮಾತು. ಸಮಾನತೆಯ ಪ್ರಮಾಣ ಇಬ್ಬರಲ್ಲೂ ಒಂದೇ. ಯಾರು ಯಾರೆಂದು ಹೇಳಬಲ್ಲದ್ದು ಅಟ್ಟದ ಟ್ರಂಕಿನಲ್ಲಿರುವ ಹಳೆಯ ಲಗ್ನಪತ್ರಿಕೆ. ಅದನ್ನು ನೋಡದೆ ವರದಿಯಿಂದಲೇ ವಂಶವೃಕ್ಷ ಬಿಡಿಸುವವರು ಬೇರಿಗೆ ಕೊಂಬೆ ಜೋಡಿಸುತ್ತಿದ್ದಾರೆ.

ವೈ ಕ್ರೋಮೋಸೋಮು ಹೊಂದದಿದ್ದರೆ ವಂಶಾವಳಿ ಸುಳ್ಳು ಎನ್ನುವ ವಾದ ಇನ್ನೂ ದುರ್ಬಲ. ಹೆಳವ ದತ್ತು ಮಗನನ್ನು ಮಗನೆಂದೇ ಓದುತ್ತಾನೆ. ಧರ್ಮಶಾಸ್ತ್ರಕ್ಕೂ ಕಾನೂನಿಗೂ ಅವನು ಮಗನೇ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ಪಡೆದ ಮೇಲೆ ಅರಸೊತ್ತಿಗೆ ಆ ಮಗನಿಗೇ ಬಂತು. ದತ್ತು ಮಗನನ್ನು ವಾರಸುದಾರನೆಂದು ಒಪ್ಪೆವು ಎಂದು ಹಟ ಹಿಡಿದವರು 1824ರಲ್ಲಿ ಕಿತ್ತೂರಿಗೆ ಬಂದ ಕಂಪನಿ ಸರ್ಕಾರದವರು. ಕಲೆಕ್ಟರ್ ಥ್ಯಾಕರೆಯ ಆ ನಿಲುವನ್ನು ಪ್ರಯೋಗಾಲಯದ ಭಾಷೆಯಲ್ಲಿ ಮತ್ತೆ ಹೇಳಿದರೆ ಅದು ವಿಜ್ಞಾನವಾಗುವುದಿಲ್ಲ. ಪರೀಕ್ಷೆ ಹೇಳುವುದು ರಕ್ತದ ಸಂಗತಿ, ಹೊತ್ತಗೆ ಹೇಳುವುದು ಹಕ್ಕಿನ ಮತ್ತು ಹೊಣೆಯ ಸಂಗತಿ. ಎರಡೂ ಬೇರೆಯಾದಲ್ಲಿ ಹುಡುಕಬೇಕಾದ್ದು ದತ್ತಕ ಪತ್ರವನ್ನು.

ಘಟ್ಟದ ಕೆಳಗೆ ಲೆಕ್ಕವೇ ತಿರುಗುಮುರುಗು. ತುಳುನಾಡಿನ ಅಳಿಯಸಂತಾನದ ಕುಟುಂಬಗಳಲ್ಲಿ ‘ಬರಿ’ ಎಂಬ ಕುಲದ ಹೆಸರು ತಾಯಿಯಿಂದ ಮಕ್ಕಳಿಗೆ ಬರುತ್ತದೆ, ಮೈಟೊಕಾಂಡ್ರಿಯವೂ ಹಾಗೆಯೇ. ಘಟ್ಟದ ಮೇಲಿನ ಕಾಗದದಲ್ಲಿ ಕಾಣದ ಹೆಂಗಸರ ಸಾಲು ಇಲ್ಲಿ ಕುಟುಂಬದ ಬೆನ್ನೆಲುಬು. ಬರಿಯ ಸಾಲನ್ನು ಪರೀಕ್ಷೆಯೊಡನೆ ಹೋಲಿಸಲು ಇಷ್ಟು ಅನುಕೂಲವಾದ ಜಾಗ ದೇಶದಲ್ಲಿ ಹೆಚ್ಚಿಲ್ಲ.

ಹೊತ್ತಗೆಯೂ ಪಹಣಿಯೂ ಇಲ್ಲದಲ್ಲಿ ಪರೀಕ್ಷೆಯ ನಿಜವಾದ ಬೆಲೆ ಕಾಣುತ್ತದೆ. ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿಯರ ಪೂರ್ವಿಕರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದರು. 2011ರಲ್ಲಿ ಪ್ರಕಟವಾದ ಅಧ್ಯಯನ ಕರ್ನಾಟಕ, ಗುಜರಾತುಗಳ ಸಿದ್ದಿಯರ ಡಿಎನ್‌ಎಯಲ್ಲಿ ಶೇ 60ರಿಂದ 75ರಷ್ಟು ಆಫ್ರಿಕದ ಪಾಲನ್ನೂ ಬಂಟು ಭಾಷಿಕರ ನಂಟನ್ನೂ ಗುರುತಿಸಿತು. ಇಲ್ಲಿಯವರೊಡನೆ ಬೆರೆತದ್ದು ಸುಮಾರು 200 ವರ್ಷಗಳ ಹಿಂದೆ ಎಂದೂ ಅಂದಾಜಿಸಿತು. ಯಾವ ಹಡಗು, ಯಾವ ಒಡೆಯ, ಯಾವ ಹೆಸರು ಎಂಬುದಕ್ಕೆ ಎಂಜಲಿನ ಸೀಸೆಯಲ್ಲಿ ಉತ್ತರವಿಲ್ಲ. ಅದಕ್ಕೆ ಪಣಜಿಯ ದಫ್ತರಖಾನೆಗೆ ಹೋಗಿ ಪೋರ್ಚುಗೀಸ್ ಕಡತಗಳನ್ನೇ ಬಿಚ್ಚಬೇಕು.