ಪಾಳಿಯ ನಡುವೆ ಚಿತ್ರಕಥೆ
(ಚಿಕಲಠಾಣಾದಲ್ಲಿ ಕೂಡಿದ ಕನ್ನಡ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಚಿತ್ರಕಥೆ ಬರೆಯುವುದು ಬಹಳ ಓದಿದವರ ಕೆಲಸ, ತಟ್ಟೆ ತೊಳೆಯುವವರಿಗೂ ಯಂತ್ರದ ಮುಂದೆ ನಿಲ್ಲುವವರಿಗೂ ಅದು ಎಟುಕದು ಎಂಬ ಭಾವನೆ ನಮ್ಮವರಲ್ಲಿ ಬೇರೂರಿದೆ. ಇದೇ ಚಿಕಲಠಾಣಾ ಕೈಗಾರಿಕಾ ವಸಾಹತಿನ ಪ್ರೋಝೋನ್ ಮಾಲಿನಲ್ಲಿ ಅಜಂತಾ–ಎಲ್ಲೋರಾ ಚಲಚ್ಚಿತ್ರೋತ್ಸವ ನಡೆದಿದೆ. ಹತ್ತಿರದಲ್ಲೇ ಪಾಳಿ ಮಾಡುವ ನಾವು ಟಿಕೀಟು ಕೊಳ್ಳುವವರಾಗಿಯೇ ಇರಬೇಕೆಂದು ಯಾರೂ ಕಟ್ಟಳೆ ಮಾಡಿಲ್ಲ.

ಕನ್ನಡದ ‘ತಿಥಿ’ ಚಿತ್ರವನ್ನೇ ನೋಡಿರಿ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಉತ್ಸವದಲ್ಲಿ ಬಹುಮಾನ ಪಡೆದ ಈ ಚಿತ್ರವನ್ನು ನಿರ್ದೇಶಕ ರಾಮ್ ರೆಡ್ಡಿಯವರೊಡನೆ ಕೂಡಿ ಬರೆದವರು ಮಂಡ್ಯ ಜಿಲ್ಲೆಯ ನೋಡೆಕೊಪ್ಪಲಿನ ಈರೇಗೌಡರು. ಕಂಡ ಊರು, ಕೇಳಿದ ಮಾತು, ಅದೇ ಅವರ ಬಂಡವಾಳ. ನಟರಲ್ಲಿ ಬಹುಮಂದಿ ಆ ಸೀಮೆಯ ಹಳ್ಳಿಗರೇ. ಮುಂದೆ ಈರೇಗೌಡರು ತಾವೇ ನಿರ್ದೇಶಿಸಿದ ‘ಬಳೆಕೆಂಪ’ 2018ರಲ್ಲಿ ರಾಟರ್‌ಡ್ಯಾಮಿನಲ್ಲಿ ವಿಮರ್ಶಕರ ಪ್ರಶಸ್ತಿ ಗಳಿಸಿತು.

ಎರಡು ತಾಸಿನ ಕಥೆ ಕುಸಿಯದಂತೆ ನಿಲ್ಲುವುದು ಹೇಗೆ? ‘ತಿಥಿ’ಯಲ್ಲಿ ನೂರು ದಾಟಿದ ಸೆಂಚುರಿ ಗೌಡ ಸಾಯುತ್ತಾನೆ, ಹನ್ನೊಂದನೆಯ ದಿನ ತಿಥಿಯ ಊಟವಾಗಬೇಕು. ಗಡುವು ಬಿತ್ತು. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಆತುರ, ಅವನ ತಂದೆ ಗಡ್ಡಪ್ಪನಿಗೆ ಆಸ್ತಿಯ ಗೊಡವೆಯೇ ಬೇಡ, ಮರಿಮಗ ಅಭಿಗೆ ಕುರಿಗಾಹಿ ಹುಡುಗಿಯ ಧ್ಯಾನ. ಬದುಕಿರುವ ತಂದೆಯನ್ನೇ ಕಾಗದದ ಮೇಲೆ ಸತ್ತವನನ್ನಾಗಿ ಮಾಡಲು ತಮ್ಮಣ್ಣ ಹೊರಡುತ್ತಾನೆ. ಮೂವರ ಬಯಕೆ, ಒಂದು ಗಡುವು. ಕಥೆ ತಾನೇ ಓಡುತ್ತದೆ. ನಮ್ಮಲ್ಲಿ ಗಡುವಿಗೆ ಬರವೇ? ಊರಿನ ಸಾಲದ ಕಂತು, ತಂಗಿಯ ಲಗ್ನ, ಗಿರಣಿಗೆ ಬೀಗ ಬೀಳುವ ದಿನ.

ಇನ್ನು ಬರವಣಿಗೆ. ‘ಅವನಿಗೆ ಬೇಸರವಾಯಿತು’ ಎಂದು ಕಾದಂಬರಿಯಲ್ಲಿ ಬರೆದರೆ ನಡೆದೀತು. ಚಿತ್ರಕಥೆಯಲ್ಲಿ ಕಾಣುವುದನ್ನು, ಕೇಳುವುದನ್ನು ಮಾತ್ರ ಬರೆಯಬೇಕು. ಊರಿನಿಂದ ಫೋನು ಬಂದ ಮೇಲೆ ಮಾಣಿ ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಿದ್ದಾನೆ, ಇದು ಕಾಣುತ್ತದೆ. ಪ್ರತಿ ದೃಶ್ಯದ ತಲೆಯ ಮೇಲೆ ಒಳಗೋ ಹೊರಗೋ, ಯಾವ ಸ್ಥಳ, ಹಗಲೋ ರಾತ್ರಿಯೋ ಎಂದು ನಮೂದಿಸಬೇಕು. ಟೈಪು ಮಾಡಿದ ಒಂದು ಪುಟಕ್ಕೆ ಸುಮಾರು ಒಂದು ನಿಮಿಷವೆಂಬ ಅಂದಾಜಿದೆ. ಕೈಬರಹಕ್ಕೆ ಅದು ಹೊಂದದು. ಮಾತು ಕಡಿಮೆಯಿರಲಿ. (ನಮ್ಮ ನಾಟಕದವರಿಗೆ ಇದೇ ಕಷ್ಟ!)

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಕಥೆಯನ್ನು ಚಹದಂಗಡಿಯಲ್ಲಿ ಕಂಡಕಂಡವರಿಗೆ ಹೇಳಬೇಡಿರಿ. ಆರ್. ಜಿ. ಆನಂದ್ ಎಂಬ ನಾಟಕಕಾರರು ತಮ್ಮ ‘ಹಮ್ ಹಿಂದುಸ್ತಾನಿ’ ನಾಟಕವನ್ನು ಚಿತ್ರದವರಿಗೆ ಓದಿ ಹೇಳಿದ್ದರು. 1956ರಲ್ಲಿ ‘ನ್ಯೂ ದೆಲ್ಲಿ’ ಚಿತ್ರ ಬಂತು. ತಮ್ಮದನ್ನೇ ಎತ್ತಿದರೆಂದು ಅವರು ದಾವೆ ಹೂಡಿ 1978ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿ ಸೋತರು. ಬರೀ ಯೋಚನೆಗೆ, ವಸ್ತುವಿಗೆ ಹಕ್ಕುಸ್ವಾಮ್ಯವಿಲ್ಲ, ಅದನ್ನು ನಿರೂಪಿಸಿದ ರೂಪಕ್ಕೆ ಮಾತ್ರ ಉಂಟು ಎಂದಿತು ನ್ಯಾಯಾಲಯ. ಬರೆದಿಟ್ಟುಕೊಂಡಿದ್ದ ನಾಟಕಕಾರರ ಪಾಡೇ ಹೀಗಾದರೆ ಬಾಯಿಮಾತಿನ ಕಥೆಯನ್ನು ಯಾರು ಕಾಯುತ್ತಾರೆ? ಆದ್ದರಿಂದ ದೃಶ್ಯ ದೃಶ್ಯವಾಗಿ, ಮಾತು ಮಾತಾಗಿ ಪೂರ್ತಿ ಬರೆಯಿರಿ. ಮುಂಬಯಿಯಲ್ಲಿ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಎಂಬ ಚಿತ್ರಲೇಖಕರ ಸಂಘವಿದೆ. ಸದಸ್ಯರಾಗಿ, ಬರಹವನ್ನು ನೋಂದಾಯಿಸಿ, ತಾರೀಖಿನೊಡನೆ ಪ್ರತಿಯನ್ನು ಪೆಟ್ಟಿಗೆಯಲ್ಲಿಟ್ಟು, ಆಮೇಲೆ ನಿರ್ಮಾಪಕರ ಬಾಗಿಲು ತಟ್ಟಿರಿ.