ಟಪಾಲಿನಲ್ಲಿ ಬಂದ ತತ್ತಿ



ಇಂಗ್ಲಿಷ್ ಸಾಹಿತ್ಯವನ್ನು ಪಾಠ ಹೇಳಿ ಜೀವಿಸುವವನೊಬ್ಬನು ಕೋಳಿಯ ಮೊಟ್ಟೆಯನ್ನು ಕುರಿತು ಮಾತನಾಡಲು ಬಂದಿರುವನೆಂದು ಕೇಳಿ ತಮ್ಮಲ್ಲಿ ಕೆಲವರು ನಗಬಹುದು. ಈ ವಿಷಯದಲ್ಲಿ ನನಗಿರುವ ಅಧಿಕಾರವೆಲ್ಲವೂ ನನ್ನ ಅಜ್ಞಾನದಿಂದ ಹಾಳಾದ ಹನ್ನೆರಡು ಮೊಟ್ಟೆಗಳಿಂದ ಬಂದದ್ದು. ಮೊಟ್ಟೆಯೆಂದು ನಾನು ಪುಸ್ತಕದ ಮಾತಿನಲ್ಲಿ ಹೇಳುತ್ತಿದ್ದೇನೆ. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಕಡೆ ಅದು ತತ್ತಿ. ಅಂಚೆಯೂ ಅಲ್ಲಿ ಟಪಾಲು.

ಮಸ್ಕಿಯ ಸಮೀಪದ ಹಳ್ಳಿಯೊಂದರಲ್ಲಿ ನನ್ನ ಸೋದರತ್ತೆಯವರಿದ್ದಾರೆ. ಅವರ ಸಂಸಾರದಲ್ಲಿ ಕೋಳಿಗಳು ವಿನೋದದ ವಸ್ತುವಲ್ಲ. ಉಪ್ಪು, ಎಣ್ಣೆ, ಔಷಧ, ಮೊಮ್ಮಗಳ ಶಾಲೆಯ ಪುಸ್ತಕ ಇವೆಲ್ಲಕ್ಕೂ ಅಂಗಳದಲ್ಲಿ ಓಡಾಡುವ ಆ ಹಿಂಡೇ ಬೊಕ್ಕಸ. ಕೆಲವು ವರ್ಷಗಳ ಹಿಂದೆ ಕೊಕ್ಕರೆ ರೋಗ ಬಂದು, ಒಂದೇ ವಾರದಲ್ಲಿ ಒಂದು ಹೇಂಟೆಯನ್ನುಳಿದು ಮಿಕ್ಕವೆಲ್ಲವೂ ಸತ್ತುಹೋದುವು. ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿದ ಗಿರಿರಾಜ ತಳಿಯ ಮರಿಗಳನ್ನು ತರಿಸಿಕೊಡುವೆನೆಂದು ನಾನು ಹೇಳಿದೆನು. ಅವರು ಒಪ್ಪಲಿಲ್ಲ. ಆ ಕೋಳಿ ದೊಡ್ಡದಾದರೂ ಕಾವಿಗೆ ಕೂರುವುದು ಅಪರೂಪ. ತಾನೇ ತತ್ತಿಯಿಟ್ಟು ತಾನೇ ಮರಿ ಮಾಡುವ ಜವಾರಿ ಕೋಳಿಯೇ ಅವರಿಗೆ ಬೇಕು. ದೂರದ ಊರಿನಲ್ಲಿ ಒಳ್ಳೆಯ ಜವಾರಿ ತಳಿಯನ್ನು ಸಾಕಿದ ಮಿತ್ರರೊಬ್ಬರು ನನಗಿದ್ದರು. ಏಪ್ರಿಲ್ ತಿಂಗಳಿನಲ್ಲಿ ಅವರಿಂದ ಹನ್ನೆರಡು ಮೊಟ್ಟೆಗಳನ್ನು ಪಾರ್ಸೆಲಿನಲ್ಲಿ ತರಿಸಿದೆನು.

ಪೆಟ್ಟಿಗೆ ಬಂದಾಗ ಎರಡು ಮೊಟ್ಟೆ ಒಡೆದಿದ್ದುವು. ಹತ್ತು ಉಳಿದುವೆಂದು ನಾನು ಹಿಗ್ಗಿದೆನು. ಆ ಸಂಜೆಯೇ ಅವನ್ನು ಹೇಂಟೆಯ ಕೆಳಗಿಟ್ಟೆವು. ಇಪ್ಪತ್ತೊಂದು ದಿನಗಳಾದುವು, ಇಪ್ಪತ್ತನಾಲ್ಕಾದುವು, ಒಂದೂ ಬಿರಿಯಲಿಲ್ಲ. ಹೇಂಟೆ ಅನ್ನ ನೀರು ಬಿಟ್ಟಂತೆ ಕುಳಿತೇ ಇತ್ತು. "ಅದಕ್ಕೇನು ಹೇಳ್ಲಿ ತಮ್ಮಾ?" ಎಂದು ಅತ್ತೆಯವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ ನಾಚಿಕೆಯಿಂದಲೇ ನಾನು ಈ ಶಾಸ್ತ್ರವನ್ನು ಓದತೊಡಗಿದ್ದು.

ನಾವು ಸಾಮಾನ್ಯವಾಗಿ ಮೊಟ್ಟೆಗೆ ಒಡೆಯುವ ಭಯವೊಂದೇ ಎಂದು ತಿಳಿಯುತ್ತೇವೆ. ತಿನ್ನುವ ಮೊಟ್ಟೆಗೆ ಅದು ನಿಜ. ಮರಿಯಾಗಬೇಕಾದ ಮೊಟ್ಟೆ ಒಡೆಯದೆಯೇ ಸಾಯಬಲ್ಲುದು. ಮೊಟ್ಟೆ ಹೊರಬೀಳುವ ವೇಳೆಗೆ ಒಳಗಿನ ಅಂಕುರಕ್ಕೆ ಸುಮಾರು ಒಂದು ದಿನದ ಬಾಳು ಕಳೆದಿರುತ್ತದೆ. ತಂಪು ತಗುಲಿದೊಡನೆ ಅದು ಬೆಳೆಯುವುದನ್ನು ನಿಲ್ಲಿಸಿ ನಿದ್ರಿಸುತ್ತದೆ. ಸುಮಾರು 21 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಈ ನಿದ್ರೆ. ಕಾವಿನ ಶಾಖ 37 ಡಿಗ್ರಿಯನ್ನು ದಾಟಿ ಅರ್ಧದಷ್ಟು ಮೇಲೆ. ಇವೆರಡರ ನಡುವಣ ಶಾಖದಲ್ಲಿ ಅಂಕುರವು ಪೂರ್ಣವಾಗಿ ಎಚ್ಚರಗೊಳ್ಳದೆ, ನಿದ್ರೆಯನ್ನೂ ಮಾಡದೆ, ವಕ್ರವಾಗಿ ಬೆಳೆದು ಸೊರಗುತ್ತದೆ. ಈಗ ರಾಯಚೂರು ಸೀಮೆಯ ಏಪ್ರಿಲ್ ಮಾಸವನ್ನು ನೆನೆದುಕೊಳ್ಳಿರಿ. ಹಗಲು 40 ಡಿಗ್ರಿ. ತಗಡಿನ ವಾಹನದೊಳಗಿನ ಮಾತನ್ನಂತೂ ಹೇಳಬೇಕಾದುದಿಲ್ಲ. ನನ್ನ ಹತ್ತು ಮೊಟ್ಟೆಗಳು ಹೇಂಟೆಯನ್ನು ಸೇರುವ ಮೊದಲೇ ದಾರಿಯಲ್ಲಿ ತೀರಿಕೊಂಡಿದ್ದುವೆಂದು ನಂಬುತ್ತೇನೆ.

ಎರಡನೆಯ ಶತ್ರು ಕುಲುಕಾಟ. ಮೊಟ್ಟೆಯ ದಪ್ಪ ತುದಿಯಲ್ಲಿ, ಎರಡು ಪೊರೆಗಳ ನಡುವೆ, ಗಾಳಿಯ ಪುಟ್ಟ ಕೋಣೆಯೊಂದುಂಟು. ಚಿಪ್ಪನ್ನು ಒಡೆಯುವ ಮೊದಲು ಮರಿಯು ತನ್ನ ಪ್ರಥಮ ಉಸಿರನ್ನು ಎಳೆದುಕೊಳ್ಳುವುದು ಅಲ್ಲಿಂದಲೇ. ರಸ್ತೆಯ ಹೊಡೆತಕ್ಕೆ ಆ ಪೊರೆ ಸಡಿಲಿದರೆ ಗಾಳಿಯ ಗುಳ್ಳೆ ಮೊಟ್ಟೆಯೊಳಗೆ ಅಲೆದಾಡತೊಡಗುತ್ತದೆ. ಹೊರಚಿಪ್ಪಿನಲ್ಲಿ ಕೂದಲಿನ ಗೆರೆಯೂ ಕಾಣುವುದಿಲ್ಲ. ಮಸ್ಕಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿ ಬರೆಯಿಸಿದ ಓಲೆ ಎರಡು ಸಾವಿರ ವರ್ಷಗಳಿಗೂ ಮೀರಿ ಹತ್ತಿಯ ಹೊದಿಕೆಯಿಲ್ಲದೆ ಉಳಿದು, 1915ರಲ್ಲಿ ಬೀಡನ್ ಎಂಬ ಗಣಿಯ ಇಂಜಿನಿಯರರ ಕಣ್ಣಿಗೆ ಬಿದ್ದಿತು. ಅದೇ ಊರಿಗೆ ಬರುವ ತತ್ತಿಗೆ ನಾಲ್ಕು ದಿನ ಬಾಳುವುದೂ ಕಷ್ಟ.

ಎರಡನೆಯ ಬಾರಿಗೆ ಡಿಸೆಂಬರಿನವರೆಗೆ ಕಾದೆವು. ಮಿತ್ರರಿಗೆ ನಾನು ಬರೆದ ಕಾಗದ ಪ್ರೇಮಪತ್ರಕ್ಕಿಂತ ಉದ್ದವಾಗಿತ್ತು. ಮೂರು ದಿನಗಳಿಗಿಂತ ಹಳೆಯ ಮೊಟ್ಟೆ ಬೇಡ. ತೊಳೆಯಲೇ ಕೂಡದು, ಏಕೆಂದರೆ ಚಿಪ್ಪಿನ ಸಹಸ್ರಾರು ರಂಧ್ರಗಳನ್ನು ಕಾಯುವ ತೆಳುಲೇಪ ನೀರಿಗೆ ಹೋಗಿಬಿಡುತ್ತದೆ. ಒಂದೊಂದನ್ನೂ ಬೇರೆ ಬೇರೆಯಾಗಿ ಮೆತ್ತನೆಯ ಕಾಗದದಲ್ಲಿ ಸುತ್ತಿ, ಚೂಪು ತುದಿ ಕೆಳಗಾಗಿ ನಿಲ್ಲಿಸಬೇಕು. ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ಉಸಿರುಕಟ್ಟಿ ಬೆವರುತ್ತದೆ. ಚಿಕ್ಕ ಪೆಟ್ಟಿಗೆಯನ್ನು ದೊಡ್ಡ ಪೆಟ್ಟಿಗೆಯೊಳಗಿಟ್ಟು, ಸುತ್ತಲೂ ನಾಲ್ಕು ಬೆರಳಿನ ದಪ್ಪಕ್ಕೆ ಭತ್ತದ ಹೊಟ್ಟನ್ನು ತುಂಬಬೇಕು. ಹೊಟ್ಟಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಅದು ಮೊದಲು ತುಂಬಿದಂತೆ ತೋರಿ, ವಾಹನ ಅಲುಗಿದ ಹಾಗೆಲ್ಲ ಕುಸಿದು, ಮೇಲುಗಡೆ ಬರಿದಾಗುತ್ತದೆ. ಆ ಬರಿದಾದ ಜಾಗದಲ್ಲಿಯೇ ಮೊಟ್ಟೆಗಳು ಕುಣಿಯುವುದು. ಆದುದರಿಂದ ಮುಚ್ಚುವ ಮುನ್ನ ಪೆಟ್ಟಿಗೆಯನ್ನು ಕುಟ್ಟಿ ಕುಟ್ಟಿ ಮತ್ತೆ ತುಂಬಬೇಕು. ಕೋಳಿಮನೆಯ ಹಳೆಯ ಹೊಟ್ಟಂತೂ ಸರ್ವಥಾ ಕೂಡದು, ಅದರೊಡನೆ ರೋಗವೂ ಪ್ರಯಾಣ ಮಾಡೀತು. ಭಾನುವಾರ ನಡುವೆ ಬಿದ್ದು ಪೆಟ್ಟಿಗೆ ಎಲ್ಲಿಯೂ ಕೊಳೆಯದಂತೆ ಸೋಮವಾರವೇ ಕಳುಹಿಸಬೇಕು.

ಹೀಗೆಲ್ಲ ಶ್ರಮಪಡುವುದಕ್ಕಿಂತ ಮರಿಗಳನ್ನೇ ಕಳುಹಿಸಬಾರದೇ ಎಂದು ತಾವು ಕೇಳಬಹುದು. ಅಮೆರಿಕದಲ್ಲಿ 1918ರಿಂದ ಒಂದು ದಿನದ ಮರಿಗಳನ್ನು ಅಂಚೆಯಲ್ಲಿ ಕಳುಹಿಸುವ ಪದ್ಧತಿಯುಂಟು. ಮರಿಯು ಹೊರಬರುವ ಮೊದಲು ಅರಿಶಿನ ಭಾಗವನ್ನು ಹೊಟ್ಟೆಯೊಳಕ್ಕೆ ಸೆಳೆದುಕೊಳ್ಳುವುದರಿಂದ ಎರಡು ಮೂರು ದಿನ ಅನ್ನನೀರಿಲ್ಲದೆ ತಡೆಯಬಲ್ಲುದು. ಆದರೆ ನೂರಾರು ಮರಿಗಳು ಒತ್ತಾಗಿದ್ದು ಪರಸ್ಪರ ಬೆಚ್ಚಗಿದ್ದರೆ ಸರಿ; ಹತ್ತೇ ಮರಿಗಳು ಚಳಿಗೆ ಮುದುಡುತ್ತವೆ. ಅದಲ್ಲದೆ ಪರರ ಮರಿಯನ್ನು ಹೇಂಟೆ ಕುಕ್ಕಿ ಅಟ್ಟುವುದುಂಟು. ಪರರ ತತ್ತಿಗೆ ಅದು ಭೇದವೆಣಿಸುವುದಿಲ್ಲ.

ಈ ಸಲ ಮನೆಗೆ ಬರುವುದನ್ನು ಕಾಯದೆ ಸಿಂಧನೂರಿನಲ್ಲಿ ನಾನೇ ಪೆಟ್ಟಿಗೆಯನ್ನು ಬಿಡಿಸಿಕೊಂಡು, ಮಸ್ಕಿಯವರೆಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆನು. ಅಲ್ಲಿ ಅತ್ತೆಯವರು ಬಂಜೆಯಾದ ತತ್ತಿಗಳನ್ನಿಟ್ಟು ಹೇಂಟೆಯನ್ನು ಕಾವಿನಲ್ಲಿಯೇ ಉಳಿಸಿದ್ದರು. ಆ ಯುಕ್ತಿ ಯಾವ ಪುಸ್ತಕದಿಂದಲೂ ಬಂದುದಲ್ಲ. ಒಡನೆಯೇ ತತ್ತಿಯಿಡಲು ಹೊರಟವರನ್ನು ನಾನು ತಡೆದೆನು. ದಪ್ಪ ತುದಿ ಮೇಲಾಗಿ ಒಂದು ದಿನ ನೆರಳಿನಲ್ಲಿಟ್ಟರೆ ಅಲುಗಿದ ಗಾಳಿಗುಳ್ಳೆ ಸ್ವಸ್ಥಾನಕ್ಕೆ ಬರುವ ಸಂಭವವುಂಟು. "ದಾರಿ ನಡೆದು ಬಂದೋರು ಒಂದೀಟು ಕುಂದರಬೇಕಲ್ಲಾ" ಎಂದು ಅವರು ಒಪ್ಪಿದರು. ಬಂದ ಹೊಟ್ಟನ್ನೂ ಕಾಗದವನ್ನೂ ಸುಟ್ಟೆವು.

ಏಳನೆಯ ರಾತ್ರಿ ಕತ್ತಲ ಕೋಣೆಯಲ್ಲಿ ಟಾರ್ಚಿನ ಬೆಳಕಿಗೆ ಒಂದೊಂದನ್ನೂ ಹಿಡಿದು ನೋಡಿದೆವು. ಮೂರು ಬರಿದು. ಮಿಕ್ಕವುಗಳಲ್ಲಿ ಕೆಂಪು ನರಗಳು ಜೇಡರ ಬಲೆಯಂತೆ ಹರಡಿ, ನಡುವೆ ಕಪ್ಪು ಚುಕ್ಕೆಯೊಂದು ಮಿಡುಕುತ್ತಿತ್ತು. ಮೊಮ್ಮಗಳು ಟಾರ್ಚನ್ನು ನನ್ನ ಕೈಯಿಂದ ಕಸಿದುಕೊಂಡಳು. ಇಪ್ಪತ್ತೊಂದನೆಯ ದಿನ ಹನ್ನೆರಡರಲ್ಲಿ ಏಳು ಬಿರಿದುವು. ದೂರದಿಂದ ಬಂದ ತತ್ತಿಗಳಲ್ಲಿ ಅರ್ಧ ಮರಿಯಾದರೂ ಅದೃಷ್ಟವೇ ಸರಿ.

ಮರುವರ್ಷ ಲಿಂಗಸುಗೂರಿನಲ್ಲಿರುವ ಮಗಳು ತನಗೂ ತತ್ತಿ ಬೇಕೆಂದು ಹೇಳಿಕಳುಹಿಸಿದಳು. ಪಾರ್ಸೆಲು ಕಟ್ಟಿಕೊಡುವೆನೆಂದು ನಾನು ಉತ್ಸಾಹದಿಂದ ಮುಂದಾದೆನು. ಅತ್ತೆಯವರು ನನ್ನನ್ನೊಮ್ಮೆ ನೋಡಿ, ಬುಟ್ಟಿಯಲ್ಲಿ ಜೋಳ ತುಂಬಿ, ಅದರೊಳಗೆ ತತ್ತಿಗಳನ್ನು ಹೂಳಿ, ನಸುಕಿನ ಬಸ್ಸಿಗೆ ತಾವೇ ಹೊರಟುಹೋದರು.